ಎಲ್ಲರ ನಂತರ ಕುಡಿಯುತ್ತಿದ್ದವರು

ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ತಂಡದಲ್ಲಿ ಒಂದು ನಿಯಮವಿದೆ. ಮಕ್ತಲಿನಲ್ಲಿ ತಂಡ ಕೂಡಿದ ಮೇಲೆ ಗುಡಿ ಮುಟ್ಟುವ ತನಕ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ. ಗಂಡಸರೆಲ್ಲ ಆ ದೇವರ ಹೆಸರಿನಂತೆ ಮಲ್ಲಯ್ಯ, ಹೆಂಗಸರೆಲ್ಲ ಅವ್ವ. ಹೊಲದ ಒಡೆಯನೂ ಮಲ್ಲಯ್ಯ, ಆ ಹೊಲದಲ್ಲಿ ಕೂಲಿ ಮಾಡುವವನೂ ಮಲ್ಲಯ್ಯ. ಬಾಯಿ ತಪ್ಪಿ ಹೆಸರು ಹಿಡಿದವರನ್ನು ತಂಡದ ಹಿರಿಯರೊಬ್ಬರು ನಿಲ್ಲಿಸಿ, ಇನ್ನೊಮ್ಮೆ ಸರಿಯಾಗಿ ಕರೆಸುತ್ತಿದ್ದರು. ಹೋದ ವರ್ಷ ಅವರು ತೀರಿಹೋದದ್ದು ದಾರಿಯಲ್ಲೇ, ಗುಡಿ ಮುಟ್ಟಲಿಲ್ಲ. ಹಾಗಾಗಿ ಇಲ್ಲಿಯೂ ಅವರ ಹೆಸರು ಬರೆಯಲು ನನಗೆ ಮನಸ್ಸಿಲ್ಲ.

ಮಕ್ತಲ್ ಹತ್ತಿರದ ಉಟ್ಕೂರಿನಲ್ಲಿ ಅವರದು ಹಿಟ್ಟಿನ ಗಿರಣಿ. ಅವರಪ್ಪನ ಕಾಲದಿಂದ ಬಂದದ್ದು. ಚಿಕ್ಕಂದಿನಿಂದ ಆ ಸದ್ದಿನಲ್ಲೇ ನಿಂತು ಕಿವಿ ಅರ್ಧ ಹೋಗಿತ್ತು. ಗಿರಣಿ ಓಡುವಾಗ ಮಾತು ಕೇಳಿಸದ ಕಾರಣ ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದರು. ಅಂಗೈ ಮುಂದಕ್ಕೆ ಬೀಸಿದರೆ ‘ಜೋಳ ಸುರಿ, ನಡೀಲಿ’. ಮುಷ್ಟಿ ಹಿಡಿದರೆ ‘ನಿಲ್ಲಿಸು’. ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿದರೆ ‘ಹಿಟ್ಟು ಸಣ್ಣಗೆ ಬಂತಾ ನೋಡು’. ಗಿರಣಿಯಿಂದ ಹೊರಗೆ ಬಂದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ನಾವು ಕಾಕಿ ಎನ್ನುತ್ತಿದ್ದ ಅವರ ಹೆಂಡತಿ ಬಂದವರ ಎದುರಿಗೇ ಛೇಡಿಸುತ್ತಿದ್ದರು: “ನಮ್ಮ ಮದುವ್ಯಾಗ ಅಯ್ನೋರು ತಾಳಿ ಕಟ್ಟಪಾ ಅಂದ್ರ, ಈ ಮನಷ್ಯಾ ಅವ್ರಿಗೇ ಕೈ ಬೀಸಿ ‘ನಡೀಲಿ’ ಅಂದಾನ ನೋಡವ್ವ.” ಅದಕ್ಕೂ ಅವರು ನಗುತ್ತಿರಲಿಲ್ಲ. ನಸ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಹುಬ್ಬಿನ ಮೇಲಿನ ಹಿಟ್ಟು ಉದುರುವ ಹಾಗೆ ಸೀನುತ್ತಿದ್ದರು. ಅವರ ನಗೆ ಅದೇ ಎಂದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಮಕ್ತಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದು ಸಣ್ಣ ಕಿರಾಣಿ ಅಂಗಡಿ. ನನ್ನ ಗಂಡ ತೀರಿಹೋದ ಮರುವರ್ಷ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎನ್ನಿಸಿ, ಯುಗಾದಿಗೆ ಮುಂಚೆ ಹೊರಡುವ ಈ ತಂಡ ಸೇರಿದೆ. ಅವತ್ತು ಬೆಳಿಗ್ಗೆ ಹತ್ತಿ ಗೋದಾಮಿನ ಎದುರು ಮೂವತ್ತು ಮಂದಿ ಸೇರಿದ್ದರು. ತಂಡದ ಮುಂದೆ ನಡೆಯುವವರು ಅವರೇ ಎಂದು ಯಾರೋ ತೋರಿಸಿದರು. ನಾನು ಹೋಗಿ ನಮಸ್ಕಾರ ಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

“ಏನವ್ವ, ಚಪ್ಲಿ ಹೊಸಾವು?”

“ಹೌದ್ರಿ ಕಾಕಾ. ದೂರದ ದಾರಿ ಅಂತ ನಿನ್ನೇನ ತಂದೀನ್ರಿ.”

“ಕಾಕಾ ಅಂದದ್ದು ಒಂದ್ ತಪ್ಪು, ಮಲ್ಲಯ್ಯ ಅನ್ನು. ಚಪ್ಲಿ ಎರಡನೇ ತಪ್ಪು. ಗದ್ವಾಲ್ ಮುಟ್ಟೂದ್ರಾಗ ನಿನ್ನ ಕಾಲು ತಿಂದ್ ಹಾಕ್ತಾವ. ಮನಿ ಇಲ್ಲೇ ಐತಿಲ್ಲ? ಹಳೇವು ಹಾಕ್ಕೊಂಡ್ ಬಾ, ಹೋಗು.”

ಬಿಸಿಲು ಏರುತ್ತಿತ್ತು. ಹಿಂದಿನಿಂದ ಒಬ್ಬರು ಗೊಣಗಿದರು: “ಒಂದ್ ಜೋಡು ಚಪ್ಲಿ ಸಂಬಂಧ ಎಲ್ಲಾರೂ ನಿಲ್ಲಬೇಕೇನ್ರಿ ಮಲ್ಲಯ್ಯ? ತಡ ಆಗ್ತೈತಿ.”

“ಮಲ್ಲಯ್ಯ ಎಲ್ಲಿ ಓಡಿ ಹೊಂಟಾನ? ಕಲ್ಲಾಗಿ ಕುಂತಾನ. ನಿಲ್ರಿ.”

ಮೂವತ್ತು ಮಂದಿಯನ್ನು ನಿಲ್ಲಿಸಿ ನಾನು ಹಳೆಯ ಚಪ್ಪಲಿ ಹಾಕಿಕೊಂಡು ಬಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಂಡ ಸತ್ತ ಮೇಲೆ ನನಗಾಗಿ ಯಾರಾದರೂ ಕಾದದ್ದು ಅದೇ ಮೊದಲು ಎಂಬುದು ಸಂಜೆ ನೆನಪಾಯಿತು.

ಅವರ ಎಡ ಹೆಗಲಿಗೆ ಒಂದು ನೀರಿನ ಚೀಲ ಇರುತ್ತಿತ್ತು. ದಪ್ಪ ಕ್ಯಾನ್ವಾಸಿನದು, ಮೂಲೆಯಲ್ಲಿ ಬಾಯಿ, ಬಾಯಿಗೆ ಕಟ್ಟಿಗೆಯ ಬಿರಡೆ. ಹಿಂದೆ ಲಾರಿಗಳ ಮುಂದೆ ಇಂಥವು ತೂಗಾಡುತ್ತಿದ್ದವು, ಈಗಿನವರು ನೋಡಿರಲಿಕ್ಕಿಲ್ಲ. ಇದೂ ಒಬ್ಬ ಲಾರಿ ಡ್ರೈವರ್ ಅವರಿಗೆ ಕೊಟ್ಟು ಹೋದದ್ದಂತೆ. ಒಳಗಿನ ನೀರು ಬಟ್ಟೆಯಿಂದ ಸಣ್ಣಗೆ ಜಿನುಗುತ್ತದೆ, ಅದಕ್ಕೆ ಗಾಳಿ ತಾಗುತ್ತದೆ, ನೀರು ತಣ್ಣಗಾಗುತ್ತದೆ. ಹೊರಡುವ ಮೂರು ದಿನ ಮುಂಚೆ ಅದನ್ನು ಗಿರಣಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಡುತ್ತಿದ್ದರು. “ಒಣಗಿದ ಚೀಲ ಸೋರತೈತಿ. ನೆನದ ಚೀಲ ಸೋರಂಗಿಲ್ಲ, ಬೆವರತೈತಿ” ಎಂದು ನನಗೆ ಹೇಳಿಕೊಟ್ಟಿದ್ದರು. ನೀರು ಕುಡಿದು ದಾರದ ಎಳೆಗಳು ಉಬ್ಬಬೇಕು, ಒಂದನ್ನೊಂದು ಒತ್ತಿಕೊಳ್ಳಬೇಕು, ಆಗ ಚೀಲ ನೀರು ಹಿಡಿಯುತ್ತದೆ.

ಆ ಚೀಲವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನೀರು ಬೇಕಾದವರು ಅವರ ಎದುರು ಬಂದು ಬೊಗಸೆ ಹಿಡಿಯಬೇಕು. ಅವರು ಎಡಗೈಯನ್ನು ನಮ್ಮ ಬೊಗಸೆಯ ಕೆಳಗೆ ಆಸರೆ ಕೊಟ್ಟು, ಬಲಗೈಯಿಂದ ಚೀಲ ಬಾಗಿಸುತ್ತಿದ್ದರು. ಕುಡಿದ ಮೇಲೆ ಒಂದು ಕೆಲಸವಿಲ್ಲದ ಪ್ರಶ್ನೆ. “ನಿನ್ನೆ ಏನ್ ಉಂಡಿ?” “ನಿಮ್ಮ ಎಮ್ಮಿ ಈದದ್ದು ಕೋಣಗರನೋ ಹೆಣ್ಗರನೋ?” ಕಿವಿ ಸರಿಯಿಲ್ಲದ ಮನುಷ್ಯ ಇದನ್ನೆಲ್ಲ ಯಾಕೆ ಕೇಳುತ್ತಾರೆ ಎಂದು ನಾವು ಹಿಂದೆ ನಗುತ್ತಿದ್ದೆವು.

ನಾನು ಸೇರಿದ ಮೂರನೆಯ ವರ್ಷ, ಜುರಾಲಾ ಅಣೆಕಟ್ಟು ದಾಟಿ ಗದ್ವಾಲಿನ ದಾರಿ ಹಿಡಿದಿದ್ದೆವು. ಕೊತ್ತಪಲ್ಲಿಯ ಒಬ್ಬರಿಗೆ ನೀರು ಸುರಿದವರೇ ಅವರು ಮುಷ್ಟಿ ಹಿಡಿದು ಎತ್ತಿದರು. ತಂಡವೆಲ್ಲ ನಿಂತಿತು. ಆ ಮನುಷ್ಯನಿಗೆ ಜ್ವರ ಬಂದಿತ್ತು, ಯಾರಿಗೂ ಹೇಳಿರಲಿಲ್ಲ. ಗದ್ವಾಲಿನಲ್ಲಿ ಆತನನ್ನು ವಾಪಸು ಬಸ್ ಹತ್ತಿಸಿದರು. ಆತ ಅತ್ತ, ಬಸ್ಸಿನ ಕಿಟಕಿಯಿಂದ ಬೈದ.

“ಐದು ವರ್ಷದ ಹರಕಿ ಐತಿ ನಂದು! ನೀನ್ಯಾವ ಕೇಳಾಂವ?”

“ಹರಕಿ ಮಲ್ಲಯ್ಯನ ಹತ್ರ ಇರ್ತೈತಿ ತಗೋ, ಹಳಸಂಗಿಲ್ಲ. ನೀ ಮನಿಗಿ ಹೋಗಿ ಮಲಕೋ.”

ಹೇಗೆ ಗೊತ್ತಾಯಿತು ಎಂದು ಕೇಳಿದೆ. “ದಿನಾ ಎರಡ್ ಬೊಗಸಿ ಕುಡಿಯಾಂವ ನಾಕು ಕುಡದ. ಕೈ ಬಿಸಿ ಇತ್ತು” ಎಂದರು. ಗಿರಣಿಯಿಂದ ಬೀಳುವ ಹಿಟ್ಟು ಮುಟ್ಟಿ ಅದರ ಬಿಸಿಯಿಂದಲೇ ಕಲ್ಲು ಬಿಗಿಯಾಗಿದೆಯೋ ಸಡಿಲಾಗಿದೆಯೋ ಹೇಳುವ ಕೈ ಅದು. ನಮ್ಮ ಬೊಗಸೆಯ ಕೆಳಗೆ ಇಟ್ಟ ಎಡಗೈ ಆಸರೆಗಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಎಲ್ಲರದೂ ಮುಗಿದ ಮೇಲೆ, ಕೊನೆಗೆ ಕುಡಿದವರು “ಎಲ್ಲಾರದೂ ಆತ್ರಿ ಮಲ್ಲಯ್ಯ” ಎನ್ನಬೇಕು. ಹಾಗೆ ಹೇಳಿದ ನಂತರವೇ ಅವರು ಚೀಲ ಎತ್ತಿ ತಮ್ಮ ಬಾಯಿಗೆ ಹಿಡಿಯುತ್ತಿದ್ದರು. ಯಾರಾದರೂ ಹಿಂದೆ ಉಳಿದಿದ್ದರೆ ಅವರು ಬಂದು ಕುಡಿಯುವ ತನಕ ಕಾಯುತ್ತಿದ್ದರು. ಇದನ್ನು ನಾವು ದಿನಕ್ಕೆ ಐದಾರು ಸಲ ನೋಡುತ್ತಿದ್ದೆವು. ನೋಡಿ ನೋಡಿ, ನೋಡುವುದನ್ನೇ ಬಿಟ್ಟಿದ್ದೆವು.

ಅವರು ದೇವರಂಥ ಮನುಷ್ಯರೇನೂ ಅಲ್ಲ. ಹಟಮಾರಿ. ನಾವು ನೆರಳು ಸಿಕ್ಕಿತೆಂದು ಕೂತರೆ ಅವರಿಗೆ ಆಗುತ್ತಿರಲಿಲ್ಲ. ಫೋನ್ ಕಂಡರೆ ಸಿಟ್ಟು. ಒಮ್ಮೆ ಅರ್ಧ ದಾರಿಯಲ್ಲಿ ಒಬ್ಬಾಕೆ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತ ನಡೆಯುತ್ತಿದ್ದಳು, ಇವರು ಹತ್ತಿರ ಹೋಗಿ ಫೋನಿಗೇ ಕೂಗಿದರು, “ಏ ಮಗಳ, ನಿಮ್ಮವ್ವ ದೇವ್ರ ಕಡಿ ಹೊಂಟಾಳ, ಬಂದ ಮ್ಯಾಲೆ ಮಾತಾಡ್ತಾಳ, ಇಡು!” ಆಕೆ ಗದ್ವಾಲಿನ ತನಕ ಅವರ ಜೊತೆ ಮಾತು ಬಿಟ್ಟಳು. ನೀರಿಗೆ ಮಾತ್ರ ಬರಲೇಬೇಕಾಯಿತು. ಅವಳ ಬೊಗಸೆಗೆ ಸುರಿಯುತ್ತ ಅವರು ಕೇಳಿದ್ದು, “ಮಗಳು ಅರಾಮ ಅದಾಳ?”

ಚೀಲ ಹಳತಾಗುತ್ತ ಬಂತು. ಮೊದಲು ಹೊಲಿಗೆ ಬಿಟ್ಟಿತು, ಕಾಕಿ ಗೋಣಿಸೂಜಿಯಿಂದ ಹೊಲಿದುಕೊಟ್ಟರು. ಆಮೇಲೆ ಒಂದು ಕಡೆ ತೂತು, ಗಿರಣಿಯ ಹಳೆಯ ಬೆಲ್ಟಿನ ಪಟ್ಟಾ ಕತ್ತರಿಸಿ ತೇಪೆ ಹಾಕಿ, ಮೇಣ ಸವರಿದರು. ಹೋದ ವರ್ಷ ಹೊರಡುವ ಹದಿನೈದು ದಿನ ಮುಂಚೆ ನೆನೆಹಾಕಿ ಎತ್ತಿದಾಗ ತಳವೇ ಕೈಗೆ ಬಂತು. ಅವರು ನನ್ನ ಅಂಗಡಿಗೆ ಬಂದು, ಒದ್ದೆ ಬಟ್ಟೆಯನ್ನು ತಕ್ಕಡಿಯ ಪಕ್ಕದಲ್ಲಿ ಇಟ್ಟರು. ಅಷ್ಟು ಸಪ್ಪಗಿನ ಮುಖ ನಾನು ನೋಡಿರಲಿಲ್ಲ.

ನಾರಾಯಣಪೇಟೆಯಲ್ಲಿ ಟ್ರ್ಯಾಕ್ಟರು, ಆಟೋಗಳ ಸೀಟ್ ಕವರ್ ಹೊಲಿಯುವ ಒಬ್ಬ ಸಾಹೇಬರಿದ್ದಾರೆ. ಇಬ್ಬರೂ ಬಸ್ಸಿನಲ್ಲಿ ಹೋದೆವು. ಸಾಹೇಬರು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ಎರಡೂ ಕೈಯಲ್ಲಿ ವಾಪಸು ಕೊಟ್ಟರು.

“ಮಾಫ್ ಕರೋ ಪಟೇಲ್. ಇದು ಕಪಡಾ ಇಲ್ಲ ಈಗ, ಹಪ್ಪಳ ಐತಿ. ಸೂಜಿ ಹಾಕಿದ್ರ ಸೂಜಿ ಹಿಂದೇನ ಹರೀತೈತಿ.”

“ಹೊಸಾದು ಹೊಲಿ ಹಂಗಾರ.”

“ಮಾಲ್ ಎಲ್ಲೈತ್ರಿ? ಈಗ ಎಲ್ಲಾ ಪ್ಲಾಸ್ಟಿಕ್. ಗಟ್ಟಿ ನೂಲಿನ ಕ್ಯಾನ್ವಾಸ್ ಬಂದ್ರ ಹೇಳ್ತೀನಿ.”

ಅಲ್ಲಿಂದ ಗದ್ವಾಲಿಗೂ ಹೋದೆವು. ಮೂರು ಅಂಗಡಿ ತಿರುಗಿದೆವು. ಒಬ್ಬ ಅಂಗಡಿಯವ ತೆಲುಗಿನಲ್ಲಿ “ಅವಿ ಇಪ್ಪುಡು ರಾವು ಪೆದ್ದಾಯನಾ” ಎಂದು, ಅವು ಈಗ ಬರುವುದೇ ಇಲ್ಲವೆಂದು ತಲೆಯಾಡಿಸಿ, ಶಾಲೆ ಮಕ್ಕಳ ನೀರಿನ ಬಾಟಲಿ ತೋರಿಸಿದ. ಅದರ ಮೇಲೆ ಕರಡಿಯ ಚಿತ್ರ. ಇವರು ಅದನ್ನು ಕೊರಳಿಗೆ ಹಾಕಿಕೊಂಡು, “ಹೆಂಗ ಕಾಣ್ತೀನವ್ವ? ಒಂದನೇ ಕ್ಲಾಸಿಗೆ ಹೆಸರು ಹಚ್ಚು ನಂದು” ಎಂದರು. ಹೇಳಿ, ಸೀನಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಂದು ಉಪಾಯ ಹೊಳೆಯಿತು. ಅದನ್ನು ಆಗ ಉಪಾಯ ಎಂದುಕೊಂಡೆ. ಒಬ್ಬರೇ ಮೂವತ್ತು ಮಂದಿಯ ನೀರು ಹೊರುವುದು ಯಾಕೆ? ವಯಸ್ಸಾಗಿದೆ, ಹೆಗಲು ಬಾಗಿದೆ. ನನ್ನ ಅಂಗಡಿಗೆ ಮಾಲು ಹಾಕುವವನಿಗೆ ಹೇಳಿ, ಪಟ್ಟಿ ಇರುವ ಹಸಿರು ಬಾಟಲಿ ತರಿಸಿ, ಹೊರಡುವ ವಾರ ಮುಂಚೆಯೇ ಎಲ್ಲರಿಗೂ ಒಂದೊಂದು ಕೊಟ್ಟೆ. ಅವರಿಗೂ ಒಂದು.

“ಇದ್ಯಾಕವ್ವ?” ಎಂದರು.

“ಯಾರ ನೀರು ಅವ್ರವ್ರ ಹತ್ರ ಇದ್ರ ಚಲೋ ಅಲ್ರಿ ಕಾಕಾ? ಬೇಕಾದಾಗ ಕುಡೀತಾರ. ನಿಮಗೂ ಭಾರ ತಪ್ಪತೈತಿ.”

“ನಾ ಭಾರ ಅಂತ ಯಾವಾಗ ಅಂದೆ?”

“ನೀವು ಅನ್ನೂದಿಲ್ರಿ. ನಾವೇ ತಿಳ್ಕೋಬೇಕು.”

ಅವರು ಬಾಟಲಿಯ ಮುಚ್ಚಳ ತಿರುಗಿಸಿದರು, ಮುಚ್ಚಿದರು, ಮತ್ತೆ ತಿರುಗಿಸಿದರು. ಜಗಳ ಆಡಬಹುದಿತ್ತು, ಆಡಲಿಲ್ಲ. ಎಲ್ಲರೂ ಖುಷಿಯಾಗಿದ್ದರು. ಎಷ್ಟು ಯೋಚನೆ ಮಾಡಿ ತಂದಿದ್ದೀರಿ ಎಂದು ನನ್ನನ್ನು ಹೊಗಳಿದರು. ನನಗೂ ಹೆಮ್ಮೆಯಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಆ ವರ್ಷ ತಂಡ ಬೇಗ ಬೇಗ ನಡೆಯಿತು. ನೀರಿಗೆಂದು ನಿಲ್ಲುವುದೇ ಇರಲಿಲ್ಲ. ಮೊದಲ ದಿನ ಅಣೆಕಟ್ಟಿನ ಈಚೆಯ ಒಂದು ಹಳ್ಳಿಯಲ್ಲಿ ತಂಗಿದೆವು. ಎರಡನೆಯ ದಿನ ಬೆಳಿಗ್ಗೆ ಅಣೆಕಟ್ಟು ದಾಟಿದೆವು. ಬಿಸಿಲು ಆ ಸಲ ಮೊದಲೇ ಬಂದಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅವರು ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂತಿದ್ದರು. ನೆರಳಿಗೆ ಕೂರದ ಮನುಷ್ಯ. ಒಬ್ಬೊಬ್ಬರಾಗಿ ಎಲ್ಲರೂ ಅವರನ್ನು ದಾಟಿದರು. ಎಲ್ಲರಿಗಿಂತ ಹಿಂದೆ ನಾನಿದ್ದೆ.

“ಯಾಕ್ರಿ ಮಲ್ಲಯ್ಯ, ಕುಂತ್ರಿ?” ಎಂದು ರಸ್ತೆಯ ಈ ಬದಿಯಿಂದಲೇ ಕೇಳಿದೆ.

ಅವರು ಅಂಗೈ ಎತ್ತಿ ಮುಂದಕ್ಕೆ ಬೀಸಿದರು. ನಡೀಲಿ. ನಸ್ಯ ಏರಿಸಲು ಕೂತಿದ್ದಾರೆ ಎಂದುಕೊಂಡೆ. ನನ್ನ ಹತ್ತಿರ ನೀರಿದೆ ಎಂದು ಬಾಟಲಿ ಎತ್ತಿ ತೋರಿಸಿದೆ. ತೋರಿಸಿ, ನಡೆದುಬಿಟ್ಟೆ. ನನಗೆ ಬಾಯಾರಿಕೆ ಆಗಿರಲಿಲ್ಲ. ಹಿಂದಿನ ವರ್ಷವಾಗಿದ್ದರೆ, ಬಾಯಾರಿಕೆ ಇರಲಿ ಬಿಡಲಿ, ರಸ್ತೆ ದಾಟಿ ಅವರ ಮುಂದೆ ಬೊಗಸೆ ಹಿಡಿದಿರುತ್ತಿದ್ದೆ. ಅವರ ಕೈ ನನ್ನ ಕೈಗೆ ತಾಗಿರುತ್ತಿತ್ತು.

ಗದ್ವಾಲ್ ಮುಟ್ಟಿ ಊಟಕ್ಕೆ ಕೂತಾಗ ಅವರು ಬಂದಿಲ್ಲ ಎಂದು ತಿಳಿಯಿತು. ಅಷ್ಟರಲ್ಲಿ ಒಂದು ಆಟೋದವರು ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ತಂದಿದ್ದರು. ಸಂಜೆಯವರೆಗೆ ಜೀವ ಇತ್ತು, ಮಾತು ಇರಲಿಲ್ಲ. ಮೈಯಲ್ಲಿ ನೀರು ಬತ್ತಿತ್ತು, ಹೃದಯವೂ ಮೊದಲೇ ಸೋತಿತ್ತು ಎಂದರು ಡಾಕ್ಟರು. ಯಾವುದು ಮೊದಲು ಎಂದು ನಾನು ಕೇಳಲಿಲ್ಲ. ಆಟೋದವರು ಅವರ ಸಾಮಾನು ನನ್ನ ಕೈಗೆ ಕೊಟ್ಟರು. ಒಂದು ಟವಲು, ನಸ್ಯದ ಡಬ್ಬಿ, ಹಸಿರು ಬಾಟಲಿ. ಬಾಟಲಿ ತುಂಬಿತ್ತು. ಬೆಳಿಗ್ಗೆ ಅಣೆಕಟ್ಟಿನ ಹತ್ತಿರ ಎಲ್ಲರ ಜೊತೆ ತುಂಬಿಸಿಕೊಂಡದ್ದು ಹಾಗೇ ಇತ್ತು.

ಎಲ್ಲರದೂ ಆಯಿತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಉಟ್ಕೂರಿಗೆ ಹೋದಾಗ ಕಾಕಿಯ ಕಾಲು ಹಿಡಿದು ಬಾಟಲಿಯ ವಿಷಯ ಹೇಳಿದೆ. ಆಕೆ ಬೈಯಲಿ ಎಂದೇ ಹೋಗಿದ್ದೆ. ಆಕೆ ಬೈದದ್ದು ಗಂಡನನ್ನು.

“ನೀ ಬಾಟ್ಲಿ ಕೊಟ್ಟಿ, ಆತನ ಬಾಯಿ ಹೊಲಿದಿದ್ದೇನು? ಕೈಯಾಗ ನೀರು ಇಟ್ಕೊಂಡು ಸತ್ತಾನಲ್ಲವ್ವ, ಹಟಮಾರಿ! ಮನ್ಯಾಗೂ ಹಂಗ. ನಾ ಉಂಡೆ ಅಂದ ಮ್ಯಾಲೇ ತಾಟಿನ ಮುಂದ ಕುಂದರತಿದ್ದ. ನಾನೂ ಎಷ್ಟು ಸಲ ಉಣ್ಣದೇ ಉಂಡೆ ಅಂದೀನಿ, ಈ ಮನಷ್ಯಾ ಉಣ್ಣಲಿ ಅಂತ.” ಹಾಗೆ ಹೇಳಿ ನನ್ನನ್ನು ಕಾಲ ಬಳಿಯಿಂದ ಎಬ್ಬಿಸಿದರು. “ದಾರ್ಯಾಗ ಹಂಗ ಸುಳ್ಳು ಹೇಳಾಕ ನಾ ಇರ್ಲಿಲ್ಲ.”

ಅವತ್ತಿನಿಂದ ನನಗೆ ಒಂದೇ ಚಿಂತೆ. ಮುಂದಿನ ಸಲ ಹೊರಡುವುದರೊಳಗೆ ಅಂಥದೇ ಚೀಲ ಆಗಬೇಕು, ಹೆಗಲಿಗೆ ಹಾಕಿಕೊಂಡು ನಾನು ನಿಲ್ಲಬೇಕು, ಜನ ಬರಬೇಕು. ಯಾರ ಕೈ ಬಿಸಿಯಾಗಿದೆ ಎಂದು ತಿಳಿಯದೆ ಇನ್ನೊಬ್ಬರನ್ನು ನಾವು ಹಾಗೆ ದಾಟಿ ಹೋಗಬಾರದು. ತಿಂಗಳಿಗೆ ಒಮ್ಮೆಯಾದರೂ ನಾರಾಯಣಪೇಟೆಗೆ ಹೋಗಿ ಸಾಹೇಬರ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಚಳಿಗಾಲದಲ್ಲಿ ಅವರಿಗೆ ಎಲ್ಲಿಂದಲೋ ಒಂದು ಹಳೆಯ ಡೇರೆಯ ಬಟ್ಟೆ ಸಿಕ್ಕಿತು. ಗಟ್ಟಿ ನೂಲಿನದು. ಎರಡು ಸುತ್ತು ಹೊಲಿಗೆ ಹಾಕಿಕೊಟ್ಟರು. ಹಳೆಯ ಬಿರಡೆಯನ್ನು ಕಾಕಿ ಹುಡುಕಿ ಕೊಟ್ಟರು, ಅದು ಈ ಬಾಯಿಗೆ ಹೊಂದಲಿಲ್ಲ. ಜೋಳದ ದಂಟಿನ ಬೆಂಡು ತುರುಕಿದೆ.

ಹೊಸ ಚೀಲ ನೀರು ಹಿಡಿಯಲಿಲ್ಲ. ಒಂದು ದಿನ ನೆನೆಸಿದೆ, ಸೋರಿತು. ಮೂರು ದಿನ ನೆನೆಸಿದೆ, ಸೋರಿತು. ಸಾಹೇಬರಿಗೆ ಫೋನ್ ಮಾಡಿದೆ. “ಸಬರ್ ಮಾಡಮ್ಮಾ. ಡೇರೆ ಬಟ್ಟೆ, ಇಷ್ಟ್ ದಿನ ನೀರು ಹೊರಗ ಇಡೋದೇ ಅದರ ಕೆಲಸ ಇತ್ತು. ಒಳಗ ಇಟ್ಕೊಳ್ಳೂದು ಈಗ ಕಲೀಬೇಕು” ಎಂದರು. ಎಂಟನೆಯ ದಿನ ಎತ್ತಿದಾಗ ಹನಿ ಬೀಳಲಿಲ್ಲ. ಬಟ್ಟೆ ಸುಮ್ಮನೆ ಬೆವರುತ್ತಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತು ಅತ್ತೆ.

ಈ ವರ್ಷ ತಂಡದಲ್ಲಿ ಕೆಲವರು ಬರಲಿಲ್ಲ. ಬಂದವರೆಲ್ಲರ ಹೆಗಲಲ್ಲೂ ಬಾಟಲಿ ಇತ್ತು. ತೆಗೆದಿಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಕೊಟ್ಟವಳು ನಾನೇ. ಕಾಕಿಯೂ ಬಂದರು, ಮೊದಲ ಸಲ. ಗಿರಣಿ ಈಗ ಅಳಿಯ ನೋಡುತ್ತಾನೆ. “ಆತ ವರ್ಷಾ ವರ್ಷಾ ಏನ್ ನೋಡಾಕ ಹೋಗತಿದ್ದ, ನಾನೂ ನೋಡ್ತೀನಿ” ಎಂದರು.

ಮೊದಲ ದಿನ ಮೂರು ಕಡೆ ನಿಂತೆ. ಚೀಲ ಹಿಡಿದುಕೊಂಡು ಕರೆದೆ. “ನಮ್ಮ ಹತ್ರ ಐತ್ರಿ ಅವ್ವ” ಎಂದು ಬಾಟಲಿ ತೋರಿಸಿ ಹೋದರು. ಒಳ್ಳೆಯ ಮನಸ್ಸಿನಿಂದಲೇ ತೋರಿಸಿದರು. ನಾನೂ ಹಾಗೇ ತೋರಿಸಿದ್ದೆನಲ್ಲ. ಒಬ್ಬರು, “ಯಾಕ ಸುಮ್ನ ಭಾರ ಹೊರತೀರಿ?” ಎಂದರು. ಹೆಗಲು ಹರಿಯುವ ಹಾಗಿತ್ತು. ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಎರಡನೆಯ ದಿನ ಅಣೆಕಟ್ಟಿನ ಆಚೆ ದಡದಲ್ಲಿ ನಿಂತೆ. ಒಬ್ಬೊಬ್ಬರಾಗಿ ದಾಟಿದರು. ಕೊನೆಗೆ ಕಾಕಿ ನಿಧಾನಕ್ಕೆ ಬಂದರು. ಅವರ ಹೆಗಲಲ್ಲಿ ಬಾಟಲಿ ಇರಲಿಲ್ಲ. ನನ್ನ ಮುಂದೆ ನಿಂತು ಬೊಗಸೆ ಹಿಡಿದರು. ನಾನು ಎಡಗೈ ಅದರ ಕೆಳಗೆ ಇಟ್ಟು ಸುರಿದೆ. ಕೈ ಬಿಸಿಯಾಗಿರಲಿಲ್ಲ. ಎರಡು ಬೊಗಸೆ ಕುಡಿದು, ಒದ್ದೆ ಕೈಯಿಂದ ಮುಖ ಒರೆಸಿಕೊಂಡು, ಮುಂದೆ ಹೋಗುತ್ತಿದ್ದವರಿಗೆ ಕೂಗಿದರು:

“ಏ ಮಲ್ಲಯ್ಯಗಳಿರಾ! ಬಾಟ್ಲಿ ಇದ್ರ ಇರ್ಲಿ. ಬಂದು ಒಂದ್ ಗುಟುಕು ಕುಡದು ಹೋಗ್ರಿ. ಇಲ್ಲಂದ್ರ ನಾನೂ ಈಕಿನೂ ಇಲ್ಲೇ ಕುಂದರತೀವಿ, ಸಂಜಿತನ.”

ಮುಂದಿದ್ದವರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ದಿನ ಭಾರ ಯಾಕೆಂದು ಕೇಳಿದವರೇ ಮೊದಲು ತಿರುಗಿ ಬಂದರು. ಅವರ ಹಿಂದೆ ಇನ್ನಿಬ್ಬರು, ಅವರ ಹಿಂದೆ ಉಳಿದವರು. ಯಾರಿಗೂ ಬಾಯಾರಿಕೆ ಇದ್ದಿರಲಿಕ್ಕಿಲ್ಲ. ಸುರಿಯುತ್ತ ಸುರಿಯುತ್ತ ಚೀಲ ಹಗುರಾಯಿತು. ಯಾರಿಗೆ ಏನು ಕೇಳಬೇಕೋ ತಿಳಿಯದೆ, ಎಲ್ಲರಿಗೂ ನಿನ್ನೆ ಏನು ಉಂಡಿರಿ ಎಂದೇ ಕೇಳಿದೆ. ಎಲ್ಲರೂ ಉಂಡದ್ದು ಒಂದೇ ಅನ್ನ ಸಾರು. ಆದರೂ ಒಬ್ಬೊಬ್ಬರೂ ನಿಂತು ಹೇಳಿದರು.

ಕೊನೆಯವರು ಕುಡಿದು ಸರಿದ ಮೇಲೆ ಕಾಕಿ ನನ್ನ ಹೆಗಲಿನಿಂದ ಚೀಲ ಬಿಚ್ಚಿಕೊಂಡರು.

“ಎಲ್ಲಾರದೂ ಆತು. ನೀ ಬೊಗಸಿ ಹಿಡಿ.”

ಹಿಡಿದೆ. ಆಕೆ ಸುರಿದರು. ಸಾಕು ಎನ್ನಲು ಬೊಗಸೆಯಿಂದ ಮುಖ ಎತ್ತಬೇಕಿತ್ತು, ಎತ್ತಿದರೆ ಅಳು ಬರುತ್ತಿತ್ತು. ಆಕೆ ನಿಲ್ಲಿಸಲಿಲ್ಲ, ಸುರಿಯುತ್ತಲೇ ಇದ್ದರು. ನಾನು ಕುಡಿಯುತ್ತಲೇ ಇದ್ದೆ.